ಝೋಶಿಗಾಯಾದ ಬೆಕ್ಕಿನ ಪುರಾಣ

ಶ್ರಾದ್ಧದ ದಿನ ಬೆಕ್ಕು ಮುಚ್ಚಿಡೋ ಕಥಿ ನಿಮಗೆಲ್ಲಾ ಗೊತ್ತೇ ಅದ. ಅಜ್ಜನ ಕಾಲದಾಗ ಮನ್ಯಾಗೊಂದು ಬೆಕ್ಕು ಇತ್ತು. ತಿಥಿ ದಿನ ಅದು ಹಾಲು-ಮೊಸರಿಗೆ ಬಾಯಿ ಹಾಕಬಾರದು ಅಂತ ಅಜ್ಜ ಅದರ ಮ್ಯಾಲೆ ಬುಟ್ಟಿ ಡಬ್ಬ ಹಾಕಿ, ಬುಟ್ಟಿ ಮ್ಯಾಲೊಂದು ಕಲ್ಲು ಇಡತಿದ್ದಾ. ಮಗ ನೋಡಿದಾ, ಅಂವನೂ ಹಂಗ ಮಾಡಿದಾ. ಮೊಮ್ಮಗನ ಕಾಲಕ್ಕ ಮನ್ಯಾಗ ಬೆಕ್ಕs ಇಲ್ಲ. ಹಂಗಂತ ಶಾಸ್ತ್ರ ಬಿಡಲಿಕ್ಕೆ ಬರತದೇನು? ಓಣಿ ತುಂಬ ತಿರಗಿ ಯಾರದೋ ಬೆಕ್ಕು ಕಡಾ ತಂದು, ಬುಟ್ಟಿ ಮುಚ್ಚಿ, ಆಮೇಲೆ ಪಿಂಡಕ್ಕ ಕೂತಾ. ಇದನ್ನ ಹೇಳಿ ನಾವೆಲ್ಲಾ ನಗತೀವಿ. ಆದ್ರ ಬುಟ್ಟಿ ಒಳಗಿನ ಬೆಕ್ಕಿನ ಸುದ್ದಿ ಯಾರೂ ಕೇಳಂಗಿಲ್ಲ.

ಜಪಾನಿನ್ಯಾಗ ಬುಟ್ಟಿ ಇರಲಿಲ್ಲ, ಹಗ್ಗ ಇತ್ತು. ಅಲ್ಲೆ ದೊಡ್ಡವರ ಮನ್ಯಾಗ ಶತಮಾನಗಟ್ಟಲೆ ಬೆಕ್ಕಿನ ಕೊರಳಿಗೆ ಹಗ್ಗ ಕಟ್ಟಿ ಸಾಕತಿದ್ರು. ಕಡೀಗೆ ಸರಕಾರದವರೇ ಹುಕುಂ ಮಾಡಿ ಬಿಡಿಸಿದ್ರು. ಹಿಂಗ ಹುಕುಂ ಮಾಡಿ ಬೀದಿಗೆ ಬಿಟ್ಟ ಬೆಕ್ಕಿನ ಕುಲದ್ದೇ ಏನೋ ಅನ್ನೋವಂಥಾದ್ದೊಂದು ನನಗ ಟೋಕಿಯೋದ ಝೋಶಿಗಾಯಾ ಅನ್ನೋ ಸ್ಮಶಾನದಾಗ ಭೆಟ್ಟಿ ಆತು.

2024ರ ಸೆಪ್ಟೆಂಬರ್. ಮಗನ ಮನಿಗೆ ಹೋಗಿದ್ವಿ. ಇಲ್ಲೆ ಧಾರವಾಡದಾಗ ಪಕ್ಷಮಾಸ ನಡದಿತ್ತು, ನಮ್ಮನಿಯವರಿಗೆ ಅದೇ ಚಿಂತಿ. ಈ ಊರಾಗ ಪಕ್ಷ ಹೆಂಗ ಮಾಡೋದು, ಕಾಗಿಗೆ ಎಲ್ಲೆ ಇಡೋದು? ಅಲ್ಲೆ ನೋಡಿದ್ರ ಅವರದೂ ಅದೇ ಹೊತ್ತಿನ್ಯಾಗ ಹಿರಿಯರ ವಾರ. ಹಗಲು-ರಾತ್ರಿ ಸಮ ಆಗೋ ದಿನದ ಹಿಂದ ಮೂರು ದಿನ, ಮುಂದ ಮೂರು ದಿನ, ಒಟ್ಟು ಏಳು ದಿನ 'ಹಿಗಾನ್' ಅಂತ ಮಾಡತಾರ. ಹಿಗಾನ್ ಅಂದ್ರ ಆಚೆ ದಂಡಿ. ನಮ್ಮ ಸಂಸ್ಕೃತದ 'ಪಾರ' ಅನ್ನೋ ಮಾತೇ ಬೌದ್ಧರ ಜೋಡಿ ಚೀನಾಕ್ಕ ಹೋಗಿ, ಅಲ್ಲಿಂದ ಸಮುದ್ರ ದಾಟಿ ಈ ರೂಪಕ್ಕ ಬಂದದ. ಆ ವಾರ ಮಂದಿ ಹೂವು, ಊದಿನಕಡ್ಡಿ ಹಿಡಕೊಂಡು ಹಿರಿಯರ ಗೋರಿಗೆ ಹೋಗತಾರ. 'ಬಾ ಅಮ್ಮಾ, ಇಲ್ಲೇ ಸನೇದಾಗ ಒಂದು ಸ್ಮಶಾನ ಅದ, ಮಂದಿ ವಾಕಿಂಗ್ ಹೋಗತಾರ' ಅಂದಾ ಮಗ. ಸ್ಮಶಾನಕ್ಕ ವಾಕಿಂಗ್! ನಮ್ಮನಿಯವರು ಬರಲಿಲ್ಲ. ನಾನು ಹೋದೆ.

ಒಂದೇ ಒಂದು ಡಬ್ಬಿಯ ಟ್ರಾಮು ಮನಿಗಳ ನಡಕ ಹಾದು ಬರತದ. ಇಳದು ನಡದ್ರ ಸುಮಾರು 25 ಎಕರೆ ಜಾಗಾ, ದೊಡ್ಡ ದೊಡ್ಡ ಗಿಡ, ಸಾಲಾಗಿ ಕಲ್ಲು. ಕಲ್ಲಿನ ಮ್ಯಾಲೆ ಸತ್ತವರ ಹೆಸರಿಗಿಂತ ಮನಿತನದ ಹೆಸರು ಹೆಚ್ಚು, ಇಂಥವರ ಮನಿ ಗೋರಿ ಅಂತ. ಸತ್ತವರನ್ನ ಸುಡತಾರ. ಸುಟ್ಟಮ್ಯಾಲೆ ಮನಿ ಮಂದಿ ನಿಂತು ಕಡ್ಡಿಲೆ ಎಲುಬು ಆರಿಸಿ ಮಡಕಿಗೆ ಹಾಕತಾರ, ನಮ್ಮ ಅಸ್ಥಿ ಸಂಚಯನ ಇದ್ಧಂಗ. ಆದ್ರ ನಾವು ಹೊಳಿಗೆ ಬಿಟ್ಟು ಕೈ ತೊಳಕೊಂಡು ಬರತೀವಿ, ಅವರು ಆ ಮಡಕಿ ಕಲ್ಲಿನ ಬುಡಕ ಇಡತಾರ. ಅಜ್ಜ, ಅಪ್ಪ, ಸೊಸಿ ಎಲ್ಲಾರೂ ಒಂದೇ ಕಲ್ಲಿನ ಕೆಳಗ. ಕಲ್ಲಿನ ಹಿಂದ ಉದ್ದನ್ನ ಕಟ್ಟಿಗಿ ಪಟ್ಟಿ ನಿಲ್ಲಿಸಿರತಾರ, ಗಾಳಿ ಬಂದ್ರ ಕಟಕಟ ಅಂತಾವ. ಅದರ ಹೆಸರು 'ಸೊತೊಬಾ', ಅಂದ್ರ ನಮ್ಮ ಸ್ತೂಪ. ಅದರ ಮ್ಯಾಲೆ ಬರದದ್ದರಾಗ ಸಂಸ್ಕೃತದ ಅಕ್ಷರ ಇರತಾವ, ಹಳೇ ಸಿದ್ಧಂ ಲಿಪಿಯೊಳಗ. ನಮಗೂ ಓದಲಿಕ್ಕೆ ಬರಂಗಿಲ್ಲ, ಅವರಿಗೂ ಬರಂಗಿಲ್ಲ, ಸತ್ತವರಿಗೆ ಮಾತ್ರ ಮುಟ್ಟತದ. ಇದರಾಗ ಎರಡೂ ದೇಶದವರು ಒಂದೇ ನೋಡ್ರಿ.

ಅಂಥಾದ್ದೊಂದು ಕಲ್ಲಿನ ಕಟ್ಟಿ ಮ್ಯಾಲೆ ಬೆಕ್ಕು ಕೂತಿತ್ತು. ಬೂದಿ ಬಣ್ಣ, ಮೈಮ್ಯಾಲೆ ಪಟ್ಟಿ, ಗಿಡ್ಡ ಬಾಲ. ನನ್ನ ನೋಡಿತು, ಏಳಲಿಲ್ಲ. ಎಡಗಿವಿ ತುದಿ ಮುಕ್ಕಾಗಿತ್ತು. ಯಾವುದೋ ನಾಯಿ ಕಡದಿರಬೇಕು ಪಾಪ ಅಂತಿದ್ದೆ. ಬಾಜೂಕ ಒಬ್ಬ ಮುದುಕಿ ಕಟ್ಟಿಗಿ ಬಕೀಟು, ಉದ್ದ ಹಿಡಿಕಿ ಸೌಟು ಹಿಡಕೊಂಡು ತಮ್ಮ ಮನಿತನದ ಕಲ್ಲು ತೊಳೀತಿದ್ರು. ಮಗನ ಜೋಡಿ ಏನೋ ಮಾತಾಡಿದ್ರು. ಮಗ ಹೇಳಿದಾ, ಅದು ನಾಯಿ ಕಡದದ್ದಲ್ಲ, ಆಪರೇಷನ್ ಆಗೇದ ಅನ್ನೋದಕ್ಕ ಗುರ್ತು. ಚೆರ್‍ರಿ ಹೂವಿನ ಪಕಳಿ ಆಕಾರಕ್ಕ ಕಿವಿ ತುದಿ ಕತ್ತರಸತಾರ. ಗಂಡಿಗೆ ಬಲಗಿವಿ, ಹೆಣ್ಣಿಗೆ ಎಡಗಿವಿ. ಅಂಥಾ ಬೆಕ್ಕಿಗೆ 'ಸಕುರಾ ನೆಕೊ' ಅಂತಾರ, ಹೂವಿನ ಬೆಕ್ಕು. 'ಇದರ ಹೆಸರೇನು ಕೇಳು' ಅಂದೆ. ಮುದುಕಿ ನಕ್ಕರು. ಒಬ್ಬೊಬ್ಬರು ಒಂದೊಂದು ಕರೀತಾರ, ಅದಕ್ಕ ತನ್ನದು ಅನ್ನೋ ಹೆಸರಿಲ್ಲ ಅಂದ್ರಂತ.

ಆ ಹೆಸರಿಲ್ಲದ ಮಾತು ತಲ್ಯಾಗ ಕೂತು, ಊರಿಗೆ ಬಂದಮ್ಯಾಲೂ ಬಿಡಲಿಲ್ಲ. ಹಿಂಗಾಗಿ ಈ ಬೆಕ್ಕಿನ ಪುರಾಣ.

ಜಪಾನಿನ ಬೆಕ್ಕು ಎಲ್ಲಿಂದ ಬಂದವು ಅಂದ್ರ ಮೊದಲೆಲ್ಲಾ ಒಂದೇ ಮಾತು ಹೇಳತಿದ್ರು. ಚೀನಾದಿಂದ ಹಡಗಿನ್ಯಾಗ ಬೌದ್ಧ ಗ್ರಂಥ ತರಬೇಕಾದ್ರ ಇಲಿ ಕಡೀಬಾರದು ಅಂತ ಜೋಡಿ ಬೆಕ್ಕು ತಂದ್ರು ಅಂತ. ಅಂದ್ರ ನಮ್ಮ ದೇಶದ ಪೋಥಿ ಕಾಯಲಿಕ್ಕೆ ಹೋದ ಬೆಕ್ಕು! ಕೇಳಲಿಕ್ಕೆ ಛೊಲೊ ಅದ. ಆದ್ರ ನಾಗಾಸಾಕಿ ಸೀಮಿಯ ಇಕಿ ದ್ವೀಪದಾಗ ಕರಕಾಮಿ ಅನ್ನೋ ಜಾಗಾದಾಗ ಅಗದಾಗ ಸುಮಾರು ಎರಡು ಸಾವಿರ ವರ್ಷದ ಹಿಂದಿನ ಬೆಕ್ಕಿನ ಎಲುಬು ಸಿಕ್ಕಾವ. ಆ ಕಾಲಕ್ಕ ಜಪಾನಿಗೆ ಬುದ್ಧನೂ ಬಂದಿರಲಿಲ್ಲ, ಪೋಥಿನೂ ಬಂದಿರಲಿಲ್ಲ. ಬೆಕ್ಕು ಬಂದದ್ದು ಭತ್ತದ ಕಣಜದ ಇಲಿ ಹಿಂದ ಅಂತ ಕಾಣತದ.

ಬರವಣಿಗಿಯೊಳಗ ಬೆಕ್ಕಿನ ಛಂದನ ಸುದ್ದಿ ಬರೋದು 889ರಾಗ. ಉದಾ ಅನ್ನೋ ಚಕ್ರವರ್ತಿ ತನ್ನ ದಿನಚರಿಯೊಳಗ ರಾಜ್ಯದ ಸುದ್ದಿ ಬಿಟ್ಟು ಬೆಕ್ಕಿನ ವರ್ಣನಾ ಮಾಡ್ಯಾನ. ಪಶ್ಚಿಮದ ದಜಾಯಿಫು ಠಾಣೆದಿಂದ ಬಂದ ಅಧಿಕಾರಿಯೊಬ್ಬ ಅವರಪ್ಪಗ ಕಾಣಿಕಿ ಕೊಟ್ಟದ್ದು, ಅಪ್ಪ ಮಗಗ ಕೊಟ್ಟದ್ದು, ಶಾಯಿಯಂಥಾ ಕರೇ ಬೆಕ್ಕು. ಐದು ವರ್ಷದಿಂದ ದಿನಾ ಹಾಲಿನ ಗಂಜಿ ಹಾಕಿ ಸಾಕೀನಿ ಅಂತಾನ. ಕೂತ್ರ ಹೆಂಗ ಕಾಣತದ, ನಡದ್ರ ಹೆಂಗ, ಮಲಗಿದ್ರ ಹೆಂಗ, ಎಲ್ಲಾ ಬರದು, ಕಡೀಗೆ ಇದರ ಮ್ಯಾಲೆ ನನಗೇನು ವಿಶೇಷ ಅಕ್ಕರಿ ಇಲ್ಲ, ಅಪ್ಪ ಕೊಟ್ಟದ್ದು ಅಂತ ಇಟ್ಟೀನಿ ಅನ್ನೋ ಅರ್ಥದಾಗ ಮುಗಸತಾನ. ಗಂಡಸರ ಬುದ್ಧಿ ಸಾವಿರ ವರ್ಷದಾಗ ಏನೂ ಬದಲಾಗಿಲ್ಲ ಬಿಡ್ರಿ. ಹಾಲಿನ ಗಂಜಿ ತಾವs ಹಾಕೋದು, ಕೇಳಿದ್ರ ನನಗೇನು ಬೆಕ್ಕಿನ ಹುಚ್ಚಿಲ್ಲ ಅನ್ನೋದು.

999ರಾಗ ಇಚಿಜೋ ಚಕ್ರವರ್ತಿ ಅರಮನ್ಯಾಗ ಬೆಕ್ಕು ಮರಿ ಹಾಕಿದ್ರ, ಮನುಷಾರ ಕೂಸಿಗೆ ಮಾಡಿಧಂಗ ಪುರುಡಿನ ಶಾಸ್ತ್ರ ಮಾಡಿದ್ರು. ರಾಜನ ತಾಯಿ ಬಂದಿದ್ರು, ದೊಡ್ಡ ದೊಡ್ಡ ಮಂತ್ರಿಗಳು ಬಂದಿದ್ರು, ಮರಿಗೆ ಒಬ್ಬ ದಾದಿನ್ನೂ ನೇಮಿಸಿದ್ರು. ಆಸ್ಥಾನದ ಒಬ್ಬ ಹಿರಿಯ ಇದನ್ನ ದಿನಚರಿಯೊಳಗ ಬರದು, ಮಂದಿ ನಗತಾರ ಅಂತ ಮೂಗು ಮುರದಾನ. ಅದೇ ಅರಮನಿ ಬೆಕ್ಕಿಗೆ ಆಸ್ಥಾನದ ಪದವಿ ಇತ್ತು ಅಂತ ಸೇಯಿ ಶೋನಾಗೋನ್ ಅನ್ನೋ ರಾಣಿವಾಸದ ಹೆಣ್ಣುಮಗಳು ಬರದಾಳ. ಆ ಬೆಕ್ಕಿನ ಮ್ಯಾಲೆ ಎಗರಿದ ನಾಯಿಗೆ ಸಿಕ್ಕಿದ್ದು ಹೊಡತ ಮತ್ತ ಗಡಿಪಾರು.

ಹಗ್ಗದ ಸುದ್ದಿ ಬರೋದು ಇಲ್ಲೆ. ಇಷ್ಟು ತುಟ್ಟಿ ಪ್ರಾಣಿ ಓಡಿ ಹೋಗಬಾರದಲ್ಲಾ. 'ಗೆಂಜಿಯ ಕಥೆ' ಅಂತ ಮುರಾಸಾಕಿ ಶಿಕಿಬು ಅನ್ನೋ ಹೆಣ್ಣುಮಗಳು 11ನೇ ಶತಮಾನದ ಶುರುವಿನ್ಯಾಗ ಬರದ ದೊಡ್ಡ ಕಾದಂಬರಿ ಅದ. ಅದರಾಗ ಒಂದು ಬೆಕ್ಕಿನ ಕೊರಳ ಹಗ್ಗ ಪರದೆಕ್ಕ ಸಿಕ್ಕು, ಪರದೆ ಸರದು, ಒಳಗ ನಿಂತಿದ್ದ ರಾಜಕುಮಾರಿ ಹೊರಗಿನ ಹುಡುಗನ ಕಣ್ಣಿಗೆ ಬೀಳತಾಳ. ಅಷ್ಟಕ್ಕ ಎರಡು ಮನಿ ಹಾಳಾಗತಾವ. ಬಿಟ್ಟಿದ್ರ ಬೆಕ್ಕು ತನ್ನ ಪಾಡಿಗೆ ಹೋಗತಿತ್ತು, ಕಟ್ಟಿದ್ದಕ್ಕ ಇಷ್ಟಾತು.

ಕಡೀಗೆ 1602ರಾಗ ಕ್ಯೋಟೋ ಊರಾಗ ಹುಕುಂ ಹೊಂಡತು, ಬೆಕ್ಕಿನ ಹಗ್ಗ ಬಿಚ್ಚರಿ ಅಂತ. ಇಲಿ ಕಾಟ ಅಷ್ಟು ಆಗಿತ್ತು. ಇದನ್ನ ಇಟಗೊಂಡು ಆ ಕಾಲದಾಗ ಒಂದು ಮಜಾ ಕಥಿನೂ ಹುಟ್ಟಿತು. ಒಬ್ಬ ಸನ್ಯಾಸಿ ಕನಸಿನ್ಯಾಗ ಇಲಿ ಬಂದು ನಮ್ಮ ಗತಿ ಏನ್ರಿ ಅಂತ ಅಳತದ. ಆಮೇಲೆ ಬೆಕ್ಕು ಬಂದು, ನಾನು ತೆಂಜಿಕು ದೇಶದಾಗೂ ಚೀನಾದಾಗೂ ಎಲ್ಲಾರೂ ಅಂಜೋ ಹುಲಿ ಕುಲದಾಂವ, ಇಷ್ಟು ದಿನ ಕಟ್ಟಿ ಹಾಕಿದ್ರು ಅಂತ ಜಂಭ ಹೊಡೀತದ. ತೆಂಜಿಕು ಅಂದ್ರ ನಮ್ಮ ಹಿಂದೂಸ್ತಾನ. 1685ರಾಗ ಶೋಗುನ್ ತ್ಸುನಾಯೋಶಿ ಇನ್ನೊಂದು ಹುಕುಂ ಮಾಡಿದಾ: ನನ್ನ ಸವಾರಿ ಹೋಗೋ ಹಾದ್ಯಾಗ ಸುದ್ಧಾ ನಾಯಿ, ಬೆಕ್ಕು ಕಟ್ಟಬೇಕಾಗಿಲ್ಲ. ಹಿಂಗ ಅರಮನಿ ಬೆಕ್ಕು ಬೀದಿಗೆ ಬಂತು.

ಬೀದಿಗೆ ಬಂದ ಕೂಡಲೇ ಮಂದಿಗೆ ಅದರ ಅಂಜಿಕಿ ಸುರು ಆತು ಅನ್ನಂಗಿಲ್ಲ, ಅಂಜಿಕಿ ಮೊದಲೂ ಇತ್ತು. ವಯಸ್ಸಾದ ಬೆಕ್ಕಿನ ಬಾಲ ಎರಡು ಸೀಳಾಗಿ 'ನೆಕೊಮಾತಾ' ಅನ್ನೋ ಭೂತ ಆಗತದ ಅಂತ ನಂಬತಿದ್ರು. 14ನೇ ಶತಮಾನದಾಗ ಕೆಂಕೋ ಅನ್ನೋ ಸನ್ಯಾಸಿ ಒಂದು ಸುದ್ದಿ ಬರದಾನ: ಒಬ್ಬಾಂವ ರಾತ್ರಿ ಮನಿಗೆ ಬರಬೇಕಾದ್ರ ನೆಕೊಮಾತಾ ಮೈಮ್ಯಾಲೆ ಬಂತು ಅಂತ ಚೀರಿ ಹಳ್ಳಕ್ಕ ಬಿದ್ದಾ. ನೋಡಿದ್ರ ಅಂವನ ಸಾಕಿದ ನಾಯಿ ಮಾಲಕ ಬಂದಾ ಅಂತ ಎಗರಿತ್ತು.

ಹೆಣದ ಸನೇಕ ಮಾತ್ರ ಬೆಕ್ಕು ಬಿಡತಿರಲಿಲ್ಲ. ಬೆಕ್ಕು ದಾಟಿದ್ರ ಹೆಣ ಎದ್ದು ಕೂಡತದ ಅಂತ ಹೆಣದ ಎದಿ ಮ್ಯಾಲೆ ಒಂದು ಚೂರಿ ಇಡತಿದ್ರು. 'ಕಾಶಾ' ಅನ್ನೋ ಬೆಂಕಿಯ ಭೂತ ಹೆಣ ಎತ್ತಿಕೊಂಡು ಹೋಗತದ ಅಂತಿದ್ರು. 1776ರಾಗ ತೊರಿಯಾಮಾ ಸೆಕಿಯೆನ್ ಭೂತಗಳ ಚಿತ್ರದ ಪುಸ್ತಕ ಮಾಡಿದಾಗ ಅದಕ್ಕ ಬೆಕ್ಕಿನ ಮಾರಿನೇ ಕೊಟ್ಟಾನ. ಬುದ್ಧನ ನಿರ್ವಾಣದ ಚಿತ್ರದಾಗ ಆನಿಯಿಂದ ಹಿಡದು ಹುಳದ ತನಕ ಎಲ್ಲಾ ಪ್ರಾಣಿ ಅಳತಿರತಾವ, ಬೆಕ್ಕು ಸಾಮಾನ್ಯಾಗಿ ಇರಂಗಿಲ್ಲ. ಕ್ಯೋಟೋದ ತೋಫುಕುಜಿ ಗುಡಿಯೊಳಗ ಮಿಂಚೋ ಅನ್ನೋ ಸನ್ಯಾಸಿ 1408ರಾಗ ಬರದ ಚಿತ್ರದಾಗ ಮಾತ್ರ ಒಂದು ಬೆಕ್ಕಿಗೆ ಜಾಗಾ ಸಿಕ್ಕದ. ಅದಕ್ಕs ಅದನ್ನ ನೋಡಲಿಕ್ಕೆ ಮಂದಿ ಹೋಗತಾರ. ಇಂಥಾ ಅಪಕೀರ್ತಿ ಹೊತ್ತ ಪ್ರಾಣಿ ಈಗ ಸ್ಮಶಾನದಾಗ ಮನಿ ಮಾಡ್ಯದ, ಹಿರಿಯರ ಗೋರಿ ತೊಳಿಯೋ ಮುದುಕಿ ಅದಕ್ಕ ನಗತಾಳ. ಇದು ಹೆಂಗಾತು?

ಇದಕ್ಕ ಎಡೋ, ಅಂದ್ರ ಹಳೇ ಟೋಕಿಯೋದ ಒಂದು ಬೆಂಕಿ ಕಥಿ ಹೇಳಬೇಕು. 1657ರಾಗ ಊರಿಗೆ ಊರೇ ಸುಟ್ಟಿತು. ಒಂದು ಲಕ್ಷ ಮಂದಿ ಸತ್ತರು ಅಂತ ಹಳೇ ಲೆಕ್ಕ ಹೇಳತದ. ಗುರ್ತು ಹತ್ತದ, ಕೇಳೋರಿಲ್ಲದ ಹೆಣ. ಅವನ್ನ ಸುಮಿದಾ ಹೊಳಿ ಆಚೆ ಒಂದು ದೊಡ್ಡ ಗುಂಡಿಯೊಳಗ ಮುಚ್ಚಿ, ಮ್ಯಾಲೆ ಶೋಗುನ್ ಒಂದು ಗುಡಿ ಕಟ್ಟಿಸಿದಾ. ಅದs ರ್‍ಯೋಗೋಕುದಾಗಿನ ಎಕೋಯಿನ್. 'ಮುಯೆನ್' ಅಂತ ಅವರ ಭಾಷಾದಾಗ ಒಂದು ಶಬ್ದ ಅದ, ಸಂಬಂಧ ಇಲ್ಲದವರು ಅಂತ. ಪಿಂಡ ಇಡೋರಿಲ್ಲದವರು ಅನ್ರಿ. ಮುಯೆನ್ ಆದವರಿಗೆಲ್ಲಾ ಎಕೋಯಿನ್ ಮನಿ ಆತು. ಜೇಲಿನ್ಯಾಗ ಸತ್ತವರು, ಹಡಗು ಮುಳುಗಿ ಸತ್ತವರು, ಆಮೇಲೆ ಪ್ರಾಣಿಗಳೂ.

ಅಲ್ಲೆ 1816ರ ಒಂದು ಬೆಕ್ಕಿನ ಗೋರಿ ಅದ. ಕಥಿ ಹಿಂಗ: ಮೀನ ಮಾರಾಂವ ಒಬ್ಬ ದಿನಾ ಒಂದು ಸಾಹುಕಾರನ ಮನಿ ಬೆಕ್ಕಿಗೆ ಮೀನ ಹಾಕತಿದ್ದಾ. ಅಂವ ಜಡ್ಡಾಗಿ ಬಿದ್ದಾಗ ಹಾಸಿಗಿ ಬಾಜೂ ಎರಡು ಬಂಗಾರದ ನಾಣ್ಯ ಬಂದು ಬಿದ್ದವು. ಆರಾಮಾಗಿ ಸಾಹುಕಾರನ ಮನಿಗೆ ಹೋದ್ರ ಬೆಕ್ಕಿಲ್ಲ. ರೊಕ್ಕ ಕಚಗೊಂಡು ಹೊಂಟಿತ್ತು, ಬಡದು ಕೊಂದೆ ಅಂದಾ ಸಾಹುಕಾರ. ಆಮೇಲೆ ನಿಜ ತಿಳದು ಗೋರಿ ಕಟ್ಟಿಸಿದ್ರು. ಕಥಿ ಖರೇನೋ ಸುಳ್ಳೋ, ಕಲ್ಲು ಖರೇ. ಮಜಾ ಅಂದ್ರ ಅದೇ ಗುಡ್ಯಾಗ, ಅದರ ಸನೇಕ, 1832ರಾಗ ತಲಿ ಕಡಿಸಿಕೊಂಡ ಒಬ್ಬ ಕಳ್ಳನ ಗೋರಿ ಅದ. ಅಂವನ ಅಡ್ಡಹೆಸರು 'ಇಲಿ ಹುಡುಗ'. ದೊಡ್ಡವರ ವಾಡೆದಾಗ ಇಲಿ ಹಂಗ ನುಸೀತಿದ್ದ ಅಂತ. ಅಂವನ ಗೋರಿ ಮುಂದಿನ ಕಲ್ಲು ಕೆರದು ಪುಡಿ ಒಯ್ದ್ರ ನಶೀಬ ಖುಲಾಯಿಸತದ ಅಂತ ಹಿಂದ ಜೂಜಿನವರು ಬರತಿದ್ರು. ಈಗ ಪರೀಕ್ಷಾ ಪಾಸಾಗೋ ಹುಡುಗುರು ಬರತಾರ, ಛೊಲೊ ಕಾಲೇಜಿನ್ಯಾಗ ನುಸೀಬೇಕಲ್ಲಾ.

ಝೋಶಿಗಾಯಾ ಇಷ್ಟು ಹಳೇದಲ್ಲ. ಮೇಜಿ ಸರಕಾರ 1873ರಾಗ ಹೆಣ ಸುಡೋದನ್ನೇ ಬಂದ್ ಮಾಡಿತ್ತು, ಅದು ಬೌದ್ಧರ ಪದ್ಧತಿ, ನಮ್ಮದಲ್ಲ ಅಂತ. ಹುಗೀಲಿಕ್ಕೆ ಜಾಗಾ ಬೇಕಲ್ಲಾ, 1874ರಾಗ ಅಯೋಯಾಮಾ, ಯನಾಕಾ, ಝೋಶಿಗಾಯಾ ಹಿಂಗ ಸಾರ್ವಜನಿಕ ಸ್ಮಶಾನ ತಗದ್ರು. ಮರುವರ್ಷನೇ ಸೋತು ಸುಡೋದಕ್ಕ ಪರವಾನಗಿ ಕೊಟ್ಟರು. ಹುಕುಂ ಹೋತು, ಸ್ಮಶಾನ ಉಳೀತು.

ಅಲ್ಲೆ ಇಬ್ಬರು ಬರಹಗಾರರು ಮಲಗ್ಯಾರ. ಒಬ್ಬರು ಲಾಫ್ಕಾಡಿಯೋ ಹರ್ನ್. 1890ರಾಗ ಜಪಾನಿಗೆ ಬಂದು, ಸೆತ್ಸು ಅನ್ನೋ ಹೆಣ್ಣುಮಗಳನ್ನ ಮದವಿ ಆಗಿ, ಕೊಯಿಜುಮಿ ಯಾಕುಮೋ ಅಂತ ಹೆಸರು ಇಟಗೊಂಡವರು. ಮಾತ್ಸುಎ ಊರಾಗ ಹುಡುಗುರು ಒಂದು ಬೆಕ್ಕಿನ ಮರಿ ನೀರಾಗ ಅದ್ದಿ ಅದ್ದಿ ಆಡತಿದ್ರಂತ. ಅದನ್ನ ಬಿಡಿಸಿಕೊಂಡು ಮನಿಗೆ ತಂದ್ರ, ನಡಗೋ ಆ ಒದ್ದಿ ಮರಿಯನ್ನ ಹರ್ನ್ ಹಂಗs ತಮ್ಮ ಅಂಗಿಯೊಳಗ ಎದಿಗೆ ಅವಚಿಕೊಂಡ್ರು ಅಂತ ಸೆತ್ಸು ನೆನಪು ಮಾಡಿಕೊಂಡಾರ. ಅಕಿಗೆ ಗಂಡನ ಮ್ಯಾಲೆ ಮನಸು ಕೂತದ್ದು ಅಲ್ಲೇ ಅನಸತದ ನನಗ.

ಹರ್ನ್ ಟೋಕಿಯೋ ವಿಶ್ವವಿದ್ಯಾಲಯದಾಗ ಇಂಗ್ಲಿಷ್ ಕಲಸತಿದ್ರು. 1903ರಾಗ ಅವರನ್ನ ತಗದು, ಲಂಡನ್ನಿಗೆ ಹೋಗಿ ಬಂದ ಒಬ್ಬ ಜಪಾನಿ ಮಾಸ್ತರರನ್ನ ಹಾಕಿದ್ರು. ಅವರೇ ನಾತ್ಸುಮೆ ಸೋಸೆಕಿ. ಹರ್ನ್ 1904ರ ಸೆಪ್ಟೆಂಬರಿನ್ಯಾಗ ತೀರಿಕೊಂಡ್ರು. ಅದೇ ವರ್ಷ ಬ್ಯಾಸಗಿಯೊಳಗ ಸೋಸೆಕಿ ಮನಿಗೆ ಒಂದು ಬೀದಿ ಬೆಕ್ಕಿನ ಮರಿ ಬಂತು.

ಸೋಸೆಕಿ ಸುದ್ದಿ ಒಂದೀಟು ಹೇಳಬೇಕು. ಹುಟ್ಟಿದ್ದು 1867ರಾಗ, ಅಪ್ಪ-ಅವ್ವಗ ವಯಸ್ಸಾದಮ್ಯಾಲೆ, ಕಡೇ ಮಗ. ಬ್ಯಾಡಾದ ಕೂಸು. ಹುಟ್ಟಿದ ಸ್ವಲ್ಪ ದಿನಕ್ಕs ಹಳೇ ಸಾಮಾನು ಮಾರೋರ ಮನಿಗೆ ಕೊಟ್ಟರು. ರಾತ್ರಿ ಸಂತ್ಯಾಗ ಹಳೇ ಪಾತ್ರಿ-ಪಗಡಾದ ಜೋಡಿ ಈ ಕೂಸು ಒಂದು ಸಣ್ಣ ಬುಟ್ಟಿಯೊಳಗ ಇತ್ತಂತ. ಅಕ್ಕ ನೋಡಿ, ಕರುಳು ಚುರ್ ಅಂದು, ಎದಿಗೆ ಹಾಕ್ಕೊಂಡು ಮನಿಗೆ ತಂದ್ರ ಅಪ್ಪ ಅಕಿಗೇ ಬೈದ್ರು. ಆಮೇಲೆ ಮತ್ತ ಇನ್ನೊಂದು ಮನಿಗೆ ದತ್ತಕ ಕೊಟ್ಟರು. ಒಂಬತ್ತರ ಹೊತ್ತಿಗೆ ತಿರಗಿ ಬಂದಾಗ ಸ್ವಂತ ಅಪ್ಪ-ಅವ್ವನ್ನ ಅಜ್ಜ-ಅಜ್ಜಿ ಅಂತ ತಿಳಕೊಂಡಿದ್ದೆ ಅಂತ ಮುಂದ ಅವರೇ ಬರದಾರ.

ಈಗ ಬೆಕ್ಕಿನ ಮರಿಗೆ ಬರ್‍ರಿ. ಅವರ ಹೆಂಡತಿ ಕ್ಯೋಕೋಗ ಬೆಕ್ಕು ಕಂಡ್ರ ಆಗತಿರಲಿಲ್ಲ. ಹೊರಗ ಒಗದ್ರು, ಬಂತು. ಮತ್ತ ಒಗದ್ರು, ಮತ್ತ ಬಂತು. ಮಣ್ಣಗಾಲಲೆ ಅನ್ನದ ಬುಟ್ಟಿ ಮ್ಯಾಲೇ ಹತ್ತಿತು. ಸೋಸೆಕಿ ನೋಡಿ, ಅಷ್ಟು ಬರತದಂದ್ರ ಇರಲಿ ಬಿಡು ಅಂದ್ರು. ಮಂದಿ ಆ ಮಾತಿಗೆ ಮಹತ್ವ ಕೊಡಂಗಿಲ್ಲ. ಆದ್ರ ಸಂತ್ಯಾಗಿನ ಬುಟ್ಟಿಯೊಳಗ ಕೂತಿದ್ದ ಕೂಸು ಆಡಿದ ಮಾತು ಅದು ಅಂತ ನನಗ ಅನಸತದ. ಆಮೇಲೆ ಮೈ ಒತ್ತಲಿಕ್ಕೆ ಬರೋ ಮುದುಕಿಯೊಬ್ಬಾಕಿ, ಉಗರ ತುದಿ ತನಕ ಕರೇ ಇದ್ದ ಬೆಕ್ಕು, ಲಕ್ಷ್ಮೀ ಬರತಾಳ ಅಂತ ಹೇಳಿದ ಮ್ಯಾಲೆ ಕ್ಯೋಕೋನೂ ಒಪ್ಪಿದ್ರು!

ಲಕ್ಷ್ಮೀ ಖರೇನೇ ಬಂದ್ಲು. 1905ರ ಜನವರಿಯೊಳಗ 'ಹೊತೊತೊಗಿಸು' ಪತ್ರಿಕಾದಾಗ ಸೋಸೆಕಿ ಒಂದು ಬೆಕ್ಕು ತಾನೇ ಕಥಿ ಹೇಳೋ ಹಂಗ ಬರದ್ರು. ಒಂದೇ ಕಂತು ಅಂತ ಬರದದ್ದು ಮಂದಿಗೆ ಹುಚ್ಚು ಹಿಡಿಸಿ 1906ರ ತನಕ ನಡೀತು. ಮಾಸ್ತರ ಬೇನಿಯೊಳಗಿದ್ದ ಮನಶಾ ದೇಶಕ್ಕ ದೊಡ್ಡ ಲೇಖಕ ಆದ್ರು. ಕಾದಂಬರಿಯೊಳಗಿನ ಬೆಕ್ಕಿಗೆ ಕಡೀತನಕ ಹೆಸರಿಲ್ಲ. ಮನ್ಯಾಗಿನ ಬೆಕ್ಕಿಗೂ ಹೆಸರು ಇಡಲಿಲ್ಲ. ಬರೇ 'ಬೆಕ್ಕು'.

ಅದು ಸತ್ತದ್ದು 1908ರ ಸೆಪ್ಟೆಂಬರ್ 13ಕ್ಕ. ಅದರ ಕಡೇ ದಿನದ ಸುದ್ದಿ ಸೋಸೆಕಿ ಮರುವರ್ಷ ಒಂದು ಸಣ್ಣ ಲೇಖನದಾಗ ಬರದಾರ, ಮುಚ್ಚಿಟ್ಟಿಲ್ಲ. ಬೆಕ್ಕು ಬಡಕಾತು, ವಾಂತಿ ಮಾಡಲಿಕ್ಕೆ ಹತ್ತಿತು. ಹುಡುಗುರು ಹತ್ರ ಬರಗೊಡಲಿಲ್ಲ. ಹೊಟ್ಟಿ ಕೆಟ್ಟಿರಬೇಕು, ಏನಾರ ಔಷಧ ನೀರಾಗ ಕಲಸಿ ಹಾಕು ಅಂದ್ರು ಹೆಂಡತಿಗೆ. ಎರಡು ಮೂರು ದಿನ ಬಿಟ್ಟು ಹಾಕಿದೇನು ಅಂತ ಕೇಳಿದ್ರು. ಬಾಯಿ ತಗೀವಲ್ಲದು ಅಂದ್ಲು. ಹೌದಾ ಅಂತ ಒಂದೀಟು ಸಿಟ್ಟಾಗಿ ಮತ್ತ ಪುಸ್ತಕ ಓದಲಿಕ್ಕೆ ಹತ್ತಿದ್ರು. ಒಂದಿನ ಮುಂಜಾನೆ ಕಟ್ಟಿಗಿ ತರಲಿಕ್ಕೆ ಹೋದಾಗ ಹಿತ್ತಲದ ಕೋಣ್ಯಾಗ ಹಳೇ ಒಲಿ ಮ್ಯಾಲೆ ಸೆಟೆದು ಬಿದ್ದಿತ್ತು.

ಸತ್ತಮ್ಯಾಲೆ ನೋಡ್ರಿ ಸಂಭ್ರಮ. ಇದ್ದಾಗ ಕಣ್ಣೆತ್ತಿ ನೋಡದ ಹೆಂಡತಿ ಸಡನ್ನಾಗಿ ಗಡಬಡಿಸಿದ್ರು, ರಿಕ್ಷಾದಾಂವನ್ನ ಕರಿಸಿ ಗೋರಿ ಪಟ್ಟಿ ತರಿಸಿದ್ರು, ಅದರ ಮ್ಯಾಲೆ ಏನಾರ ಬರದು ಕೊಡ್ರಿ ಅಂತ ಗಂಡಗ ಗಂಟು ಬಿದ್ರು. ಸೋಸೆಕಿ ಬರದ್ರು, ಹಿಂದ ಒಂದು ಸಣ್ಣ ಪದ್ಯನೂ ಹಾಕಿದ್ರು. ಶಿಷ್ಯರಿಗೆ ಸಾವಿನ ಸುದ್ದಿಯ ಕಾರ್ಡು ಹೋದವು, ಮಾಲಕರು 'ಸಾನ್ಶಿರೋ' ಕಾದಂಬರಿ ಬರಿಯೋದರಾಗ ಇರೋದರಿಂದ ಅಂತ್ಯಕ್ರಿಯಾಕ್ಕ ಯಾರೂ ಬರೋ ಕಾರಣ ಇಲ್ಲ ಅನ್ನೋ ಒಕ್ಕಣಿ ಇಟ್ಟು. ಹುಡುಗುರು ಗೋರಿಗೆ ಹೂವು ಇಟ್ಟರು, ಬಟ್ಟಲದಾಗ ದಿನಾ ನೀರು ಇಟ್ಟರು. ಸಣ್ಣ ಮಗಳು ಆಟಿಗಿ ಸೌಟಿಲೆ ಆ ಬಟ್ಟಲ ನೀರು ತಗದು ತಾನೇ ಕುಡದ್ಲು. ಬೆಕ್ಕಿನ ತಿಥಿ ದಿನ ಕ್ಯೋಕೋ ಒಂದು ತುಣುಕು ಮೀನ, ಒಣಮೀನ ತುರಿ ಹಾಕಿದ ಅನ್ನ ತಪ್ಪದs ಇಡತಿದ್ರು. ಇತ್ತೀಚಿಗೆ ಹಿತ್ತಲಕ್ಕ ಒಯ್ಯೋದ ಬಿಟ್ಟು ಒಳಗ ಕಪಾಟಿನ ಮ್ಯಾಲೇ ಇಡತಾಳ ಅಂತ ಲೇಖನ ಮುಗಸ್ಯಾರ.

ಇದನ್ನ ತಿಳಕೊಂಡಾಗ ನನಗ ನಗು ಬಂತು, ಆಮೇಲೆ ಬರಲಿಲ್ಲ. ನಮ್ಮ ಮನ್ಯಾಗೂ ನಡದದ್ದು ಇದೇ. ನಮ್ಮತ್ತಿ ಕಡೇ ಎರಡು ವರ್ಷ ಹಾಸಿಗಿ ಹಿಡದಿದ್ರು, ಮಗ್ಗಲ ಕೋಣ್ಯಾಗ. ಅವರಿಗೆ ಅಂಬೋಡಿ ಅಂದ್ರ ಜೀವ. ಆಗ ಪಥ್ಯ ಅಂತ ಯಾರೂ ಮಾಡಿಕೊಡಲಿಲ್ಲ. ಈಗ ವರ್ಷಾ ತಿಥಿಗೆ ಮೂವತ್ತು ಅಂಬೋಡಿ ಕರೀತೀವಿ. ಮೊದಲ ವರ್ಷ ಹಿತ್ತಲದಾಗ ಎಲಿ ಇಟ್ಟು ಕಾಗಿ ಬರೋ ತನಕ ಎಲ್ಲಾರೂ ಉಪಾಸ ನಿಂತಿದ್ವಿ. ಈಗ ಗಚ್ಚಿ ಕಟ್ಟಿ ಮ್ಯಾಲೆ ಇಟ್ಟು ಒಳಗ ಬರತೀವಿ, ಕಾಗಿ ತಿಂತೋ ಬೆಕ್ಕು ತಿಂತೋ ನೋಡಂಗಿಲ್ಲ.

ಅದೇ 1908ರಾಗ ಬೆಕ್ಕಿನ ಇನ್ನೊಂದು ಸುದ್ದಿ. ಪ್ಲೇಗು 1899ರಾಗ ಜಪಾನಿಗೆ ಹೊಕ್ಕಿತ್ತು, ಟೋಕಿಯೋ ಮುನಸಿಪಾಲ್ಟಿಯವರು ಮರುವರ್ಷದಿಂದ ಸತ್ತ ಇಲಿ ರೊಕ್ಕ ಕೊಟ್ಟು ತಗೋತಿದ್ರು. ಜರ್ಮನಿಯ ದೊಡ್ಡ ಡಾಕ್ಟರ್ ರಾಬರ್ಟ್ ಕೋಖ್ ಆ ವರ್ಷ ಜಪಾನಿಗೆ ಬಂದು ಕೊಟ್ಟ ಸಲಹಾ ಏನಂದ್ರ ಬೆಕ್ಕು ಸಾಕ್ರಿ. 1898ರಾಗ ಇದೇ ಪ್ಲೇಗು ನಮ್ಮ ಹುಬ್ಬಳ್ಳಿ-ಧಾರವಾಡಕ್ಕ ಬಂದು ಮಂದಿ ಊರು ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡಿದ್ರು, ಹಿರಿಯರು ಹೇಳತಿದ್ರು. ಅಲ್ಲೆ ಬೆಕ್ಕಿಗೆ ಮುನ್ನೂರು ವರ್ಷದಾಗ ಎರಡನೇ ಸರ್ತೆ ಸರಕಾರಿ ನೌಕರಿ ಸಿಕ್ಕಿತು.

ನೌಕರಿ ಮುಗದಮ್ಯಾಲೆ ಏನಾತು ಅಂದ್ರ ಬ್ಯಾಡಾದ ಬೆಕ್ಕು ಹೆಚ್ಚಾದವು. 2004ರಷ್ಟು ಈಚೆಗೂ ಒಂದೇ ವರ್ಷದಾಗ ಜಪಾನಿನ ಸರಕಾರಿ ಕೇಂದ್ರಗಳೊಳಗ 2 ಲಕ್ಷ 30 ಸಾವಿರಕ್ಕಿಂತ ಹೆಚ್ಚು ಬೆಕ್ಕು ಕೊಂದ್ರು, ಅದರಾಗ ಬಹಳಷ್ಟು ಇನ್ನೂ ಕಣ್ಣು ಬಿಡದ ಮರಿ. 2022ಕ್ಕ ಆ ಲೆಕ್ಕ ಹತ್ತು ಸಾವಿರದ ಒಳಗ ಬಂತು. ಇದನ್ನ ಇಳಿಸಿದವರೊಳಗ ಓಣಿ ಮಂದಿ ದೊಡ್ಡವರು. 1990ರ ದಶಕದ ಕಡೀಗೆ ಯೊಕೊಹಾಮಾದ ಇಸೊಗೊ ವಾರ್ಡಿನ್ಯಾಗ ಒಂದು ಪದ್ಧತಿ ಸುರು ಮಾಡಿದ್ರು, 'ಓಣಿ ಬೆಕ್ಕು' ಅಂತ. ಬೆಕ್ಕು ಯಾರ ಮನಿದೂ ಅಲ್ಲ, ಓಣಿದು. ಹಿಡದು ಆಪರೇಷನ್ ಮಾಡಿಸೋದು, ತಿರಗಿ ಅದೇ ಜಾಗಾದಾಗ ಬಿಡೋದು, ವ್ಯಾಳ್ಯಾಕ್ಕ ಸರಿಯಾಗಿ ಹಾಕೋದು, ಉಳದ ಕೂಳು, ಹೊಲಸು ತಾವs ಬಳಿಯೋದು. ಬೆಕ್ಕು ಕಂಡ್ರ ಆಗದ ಮಂದಿನ್ನೂ ಕೂಡಿಸಿಕೊಂಡು ಮಾಡಿದ್ದು ಅದರ ಗುಟ್ಟು. ಮುಕ್ಕಾದ ಕಿವಿ ಆ ಕರಾರಿನ ಸಹಿ.

ಬೆಕ್ಕಿನ ಲೆಕ್ಕ ಇಳೀಲಿಕ್ಕೆ ಹತ್ತೇದ, ಮನುಷಾರದು ಏರಲಿಕ್ಕೆ ಹತ್ತೇದ. ಝೋಶಿಗಾಯಾದಾಗ ಎಷ್ಟೋ ಗೋರಿ ಮುಂದ ಒಂದು ಸಣ್ಣ ಫಲಕ ನೆಟ್ಟಿದ್ರು. ಮೊದಲ ನಾನು ಅದೇನೋ ಹರಕಿ ಫಲಕ ಅಂದ್ಕೊಂಡು ಮಗಗ ಕೇಳಿದೆ. ಈ ಗೋರಿಗೆ ಸಂಬಂಧಪಟ್ಟವರು ಕಚೇರಿಗೆ ಬಂದು ಕಾಣಬೇಕು ಅಂತ ನೋಟಿಸು ಅದು. ವರ್ಷಾನುಗಟ್ಟಲೆ ನಿರ್ವಹಣಾ ಶುಲ್ಕ ಕಟ್ಟಿಲ್ಲ, ಯಾರೂ ಬಂದಿಲ್ಲ. 1999ರಾಗ ನಿಯಮ ಸಡಿಲ ಮಾಡ್ಯಾರ. ಸರಕಾರಿ ಗೆಜೆಟ್ಟಿನ್ಯಾಗ ಹಾಕಿ, ಗೋರಿ ಮುಂದ ಒಂದು ವರ್ಷ ಈ ಫಲಕ ಇಟ್ಟು, ಯಾರೂ ಬರದಿದ್ರ ಕಲ್ಲು ಕಿತ್ತು, ಬೂದಿ ಒಯ್ದು ಮುಯೆನ್ ಮಂದಿ ಕೂಡಿ ಇಡತಾರ. ಎಕೋಯಿನ್ ಗುಂಡಿಯೊಳಗಿದ್ದಾಗ ಬೆಂಕಿ ಮಾಡಿದ ದಗದ ಈಗ ಮಕ್ಕಳಿಲ್ಲದ್ದು, ಮಕ್ಕಳು ದೂರ ಇದ್ದದ್ದು ಮಾಡತದ.

ಮಗ ಓದಿ ಹೇಳಿ ಸುಮ್ಮನಾದಾ. ನಾನೂ ಸುಮ್ಮನಾದೆ. ಇಬ್ಬರಿಗೂ ಮಾಳಮಡ್ಡಿ ಮನಿ ನೆನಪಾಗಿತ್ತು. ಅಂವಗ ಇಲ್ಲೇ ನೌಕರಿ, ಇಲ್ಲೇ ಸಂಸಾರ. ಮೊಮ್ಮಗಳಿಗೆ ನಮಗಿಂತ ಜಪಾನಿ ಛಂದ ಬರತದ. ನಮ್ಮನಿಯವರು ಮೂರು ತಲಿಮಾರಿನ ಹೆಸರು, ಗೋತ್ರ ಒಂದು ಡೈರಿಯೊಳಗ ಬರದು ಇಟ್ಟಾರ, ಮಗ ತಗೊಂಡು ಹೋಗಲಿ ಅಂತ. ಅಂವ ಅದರ ಫೋಟೋ ಹೊಡಕೊಂಡಾನ. ಸ್ವಲ್ಪ ಹೊತ್ತು ಬಿಟ್ಟು 'ಅಮ್ಮಾ, ನಾ ಇಲ್ಲೆ ಮಾಡಿದ್ರ ಮುಟ್ಟತದೇನು' ಅಂತ ಕೇಳಿದಾ. ಕಾಗಿ ಭಾಳ ಅವ ಇಲ್ಲೆ ಅಂದೆ. ಖರೇನೇ ಟೋಕಿಯೋ ಕಾಗಿ ನಮ್ಮವಕ್ಕಿಂತ ದೀಡಪಟ್ಟು ದೊಡ್ಡು. ಅವು ಹರವಿ ಹಾಕತಾವ ಅಂತನೇ ನೈವೇದ್ಯ ವಾಪಸ್ ಒಯ್ರಿ ಅಂತ ಸ್ಮಶಾನದಾಗೆಲ್ಲಾ ವಿನಂತಿ ಮಾಡಿರತಾರ. ರಾತ್ರಿ ಮನಿಗೆ ಬಂದು ನಮ್ಮನಿಯವರಿಗೆ ಹೇಳಿದೆ. ಮರುದಿನ ಅಪ್ಪ ಮಗ ಕೂಡಿ ಹತ್ತನೇ ಮಜಲಿ ಬಾಲ್ಕನಿಯೊಳಗ ಅನ್ನ, ಎಳ್ಳು ಇಟ್ಟರು. ಬಂದದ್ದು ಒಂದು ಗುಬ್ಬಿ.

ಸೋಸೆಕಿ 1916ರ ಡಿಸೆಂಬರ್ 9ಕ್ಕ ತೀರಿಕೊಂಡ್ರು. ಝೋಶಿಗಾಯಾದಾಗ ಅವರ ಗೋರಿ ಒಂದು ದೊಡ್ಡ ಆರಾಮ ಖುರ್ಚಿ ಆಕಾರದ್ದು, ಹೆಂಡತಿ ಹೆಸರೂ ಬಾಜೂಕ್ಕs ಅದ. ಅದರ ಸನೇಕ ಹರ್ನ್ ಅವರದು ಸಾದಾ ಕಲ್ಲು. ನನಗ ಆ ಖುರ್ಚಿ ಅಷ್ಟೇನು ಸೇರಲಿಲ್ಲ, ಅಷ್ಟು ಸಂಕೋಚದ ಮನಶಾಗ ಅಷ್ಟು ದೊಡ್ಡ ಕಲ್ಲು.

ಅವರ ಬೆಕ್ಕು ಅಲ್ಲಿಲ್ಲ, ವಾಸೇದಾದಾಗಿನ ಹಳೇ ಮನಿ ಹಿತ್ತಲದಾಗೇ ಅದ. ಆ ಜಾಗಾದಾಗ 2017ರಿಂದ ಸೋಸೆಕಿ ಮ್ಯೂಸಿಯಂ ಆಗೇದ, ಹಿಂದ ಸಣ್ಣ ಪಾರ್ಕು. ಬೆಕ್ಕು ಸತ್ತ 13ನೇ ವರ್ಷದ ತಿಥಿಗೆ, 1920ರಾಗ, ಮನಿಯವರು ಒಂಬತ್ತು ಹಂತದ ಒಂದು ಕಲ್ಲಿನ ಗೋಪುರ ನಿಲ್ಲಿಸಿದ್ರು. ಬೆಕ್ಕಿನ ಜೋಡಿ ಮನ್ಯಾಗ ಸಾಕಿದ ನಾಯಿ, ಹಕ್ಕಿಗಳಿಗೂ ಸೇರಿಸಿ ಒಂದೇ ಕಲ್ಲು, ಮನಿತನದ ಗೋರಿ ಇದ್ಧಂಗ. 1945ರ ಬಾಂಬಿನ್ಯಾಗ ಮನಿನೂ ಸುಟ್ಟಿತು, ಗೋಪುರನೂ ಒಡೀತು. ಒಡದ ಕಲ್ಲು ಆರಿಸಿ, ಒಂದರ ಮ್ಯಾಲೊಂದು ಇಟ್ಟು 1953ರಾಗ ತಿರಗಿ ನಿಲ್ಲಿಸಿದ್ರು. ಅದಕ್ಕ ಆರಿಸಿದ ದಿನ ಡಿಸೆಂಬರ್ 9, ಬೆಕ್ಕಿನದಲ್ಲ, ಮಾಲಕರ ತಿಥಿ. ಈಗಲೂ ಅದು ಅಲ್ಲೇ ಅದ.